ಎಡಗಡೆ ಸೀಟಿನ ಬೆಲೆ

ನಮ್ಮ ಕಾರನ್ನು ಮಾರುತ್ತೇನೆ ಎಂದು ನಾನು ಬಾಯಿ ತೆರೆದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಮೊದಮೊದಲು ಕಾಕತಾಳೀಯ ಎಂದುಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಿಯಾದವಳು, ಹಾಗೆ ಅಂದುಕೊಳ್ಳದಿದ್ದರೆ ಹೇಗೆ? ಈಗ ಅಂದುಕೊಳ್ಳುವುದನ್ನು ಬಿಟ್ಟಿದ್ದೇನೆ.

ಕಾರು ನಮ್ಮ ಯಜಮಾನರದ್ದು. ಹುಣಸೂರಿನಲ್ಲಿ ಅವರಿಗೆ ಹಾರ್ಡ್‌ವೇರ್ ಅಂಗಡಿ ಇತ್ತು. ಒಮ್ಮೆ ಭೇರ್ಯದಲ್ಲಿ ಮದುವೆ ಊಟ ಮುಗಿಸಿ ಗಾಡಿ ತಿರುಗಿಸುವಾಗ ಎಡಗಡೆ ಬಾಗಿಲನ್ನು ಹುಣಸೆ ಮರಕ್ಕೆ ಒತ್ತಿದರು. ಬಾಗಿಲು ಒಳಕ್ಕೆ ಹೋಯಿತು. ಆ ಬಾಗಿಲಿನ ಪಕ್ಕ ಕೂತಿದ್ದವಳು ನಾನು. ಅವರು ಸ್ವಲ್ಪವೂ ನಾಚದೆ, "ನಿನಗೆ ಡ್ರೈವಿಂಗ್ ಬಂದಿದ್ರೆ ನಾನು ಅಲ್ಲಿ ಆರಾಮಾಗಿ ಕೂತ್ಕೊಂಡು ಬರ್ತಿದ್ದೆ" ಎಂದು ತಪ್ಪನ್ನು ನನ್ನ ತಲೆಗೇ ಕಟ್ಟಿದರು. ಆಮೇಲೆ ಪ್ರತಿ ಸಲ ಕಾರು ಹತ್ತಿದಾಗಲೂ ಇದೇ ಮಾತು, ಅದರ ಬಾಲಕ್ಕೆ "ಬೆಲ್ಟ್ ಹಾಕ್ಕೊಳೇ."

ಅವರು ತೀರಿಕೊಂಡು ವರ್ಷವಾಯಿತು. ಕಾರಿನಲ್ಲಲ್ಲ, ಮನೆಯಲ್ಲಿ, ಬೆಳಗಿನ ಪೂಜೆ ಮುಗಿಸಿ ಕಾಫಿಗೆ ಕಾಯುತ್ತಾ ಕೂತಿದ್ದಾಗ. ಕಾರು ಅಂದಿನಿಂದ ಗೇಟಿನ ಒಳಗೆ ನಿಂತಿದೆ. ಗುಜರಿಯವನು ವಾರಕ್ಕೊಮ್ಮೆ ಬಂದು, "ಕೆಜಿ ಲೆಕ್ಕ, ಒಳ್ಳೆ ರೇಟು" ಅನ್ನುತ್ತಾನೆ. ಅವರು ದಿನಾ ವಿಭೂತಿ ಹಚ್ಚುತ್ತಿದ್ದ ಡ್ಯಾಶ್‌ಬೋರ್ಡನ್ನು ಸುತ್ತಿಗೆಯಲ್ಲಿ ಒಡೆದು ತಕ್ಕಡಿಗೆ ಹಾಕುವುದನ್ನು ನೆನೆದರೇ ನನಗೆ ಸಂಕಟ. ಬೆಲೆ ಕಮ್ಮಿಯಾದರೂ ಸರಿ, ಓಡಿಸುವವರಿಗೇ ಕೊಡಬೇಕು. ಆದರೆ ಮಳೆಗಾಲದೊಳಗೆ ಮಾರದಿದ್ದರೆ ತುಕ್ಕು ಹಿಡಿದು ಗುಜರಿಯೇ ಗತಿ ಎಂದು, ತಿಂಗಳಿಗೊಮ್ಮೆ ಬಂದು ಬ್ಯಾಟರಿ ನೋಡುವ ಗ್ಯಾರೇಜಿನವನು ಹೇಳಿಬಿಟ್ಟ.

ಯಾರಾರ ಓಗವ್ರಾ?

ಮೊದಲು ಬಂದವನು ಊರಿನ ಕೋಳಿ ವ್ಯಾಪಾರಿ. ನೆಗ್ಗಿದ ಬಾಗಿಲಿನ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಕೇಳಿದ: "ಅಮ್ಮಾರೇ, ನಿಜ ಯೋಳಿ. ಈ ಗಾಡೀಲಿ ಯಾರಾರ ಓಗವ್ರಾ?"

"ಎಷ್ಟೋ ಜನ ಹೋಗಿದಾರಪ್ಪ."

ಅವನ ಕೈ ಬಾಗಿಲಿನಿಂದ ಹಿಂದಕ್ಕೆ ಬಂತು. "ಎಷ್ಟೋ ಜನವಾ?"

"ಹೂಂ. ನಮ್ಮತ್ತೆ ಎರಡು ಮೂರು ಸಲ ಹೋಗಿದಾರೆ. ಯಜಮಾನ್ರು ದಿನಾ ಹೋಗ್ತಿದ್ರು, ಸಾಯಂಕಾಲ ವಾಪಸ್ ಬರ್ತಿದ್ರು."

"ಈಗ್ಲೂ ಬತ್ತಾರಾ?"

"ಈಗೆಲ್ಲಿ ಬರ್ತಾರಪ್ಪ, ಅವರೇ ಹೋಗ್ಬಿಟ್ರಲ್ಲ."

ಅವನು ಬೈಕಿನ ಹತ್ತಿರ ತಲುಪಿದ ಮೇಲೆ ನನಗೆ ಹೊಳೆಯಿತು, ಕಾರಿನಲ್ಲಿ ಯಾರಾದರೂ ಸತ್ತಿದ್ದಾರಾ ಎಂದು ಅವನು ಕೇಳಿದ್ದು. ಹಿಂದೆಯೇ ಹೋಗಿ ಬಿಡಿಸಿ ಹೇಳಿದೆ. ಅವನು ಉಸಿರು ಬಿಟ್ಟು, "ಬುಡಿ ಅಮ್ಮಾರೇ, ನಿಮ್ಮತ್ತೆ ಎಲ್ಡು ಮೂರು ಸಲ ಓಗವ್ರೆ, ನಮ್ಮತ್ತೆ ಒಂದ್ಸಲಾನೂ ಓಗ್ತಿಲ್ಲ" ಅಂದ. ಕಾರಿಗೆ ಮಾತ್ರ ಅವನು ಮತ್ತೆ ಬರಲಿಲ್ಲ.

ಅಯಸ್ಕಾಂತ

ಎರಡನೆಯವರು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರು. ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆದು ಕಾರಿನ ಮೈಗೆಲ್ಲ ಅಂಟಿಸಿ ನೋಡಿದರು. ಒಳಗೆ ತಗಡಿದ್ದರೆ ಅಂಟುತ್ತದಂತೆ, ಪುಟ್ಟಿ ಮೆತ್ತಿ ಟಿಂಕರಿಂಗ್ ಮಾಡಿಸಿದ್ದರೆ ಜಾರುತ್ತದಂತೆ. ಎಲ್ಲ ಕಡೆ ಅಂಟಿತು. ನೆಗ್ಗಿದ ಬಾಗಿಲಿಗೂ ಅಂಟಿತು. "ಏನೂ ಮುಚ್ಚಿಟ್ಟಿಲ್ಲ ಕಣವ್ವ ನೀವು" ಎಂದು ಖುಷಿಯಾಗಿ ಒಳಗೆ ಕೂತು ಕೀ ತಿರುಗಿಸಿದರು.

ಟಿಣ್ ಟಿಣ್ ಟಿಣ್.

"ಪಕ್ಕದೋರು ಬೆಲ್ಟ್ ಹಾಕಿಲ್ಲ ಅಂತ ತೋರಿಸ್ತಾ ಅದೆ" ಅಂದರು.

"ಪಕ್ಕದಲ್ಲಿ ಯಾರೂ ಇಲ್ವಲ್ಲ."

"ಅದ್ನೇ ನಾನೂ ನೋಡ್ತಿರೋದು."

ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ನಾವಿಬ್ಬರೂ ಎಡಗಡೆ ಸೀಟನ್ನು ನೋಡಿದೆವು. ಸೀಟಿನ ನಡುವೆ ಮೆತ್ತೆ ಸ್ವಲ್ಪ ಕುಸಿದಿತ್ತು. ಸೆನ್ಸರು, ಒತ್ತಡ, ಎಂದು ನಾನು ಪಾಠ ಶುರು ಮಾಡಿದೆ. ಗ್ಯಾರೇಜಿನವನನ್ನೂ ಕರೆಸಿದೆ. ಅವನು ಸೀಟಿನ ಕೆಳಗೆ ಕೈಹಾಕಿ ವೈರನ್ನು ಕಿತ್ತು ಕೈಯಲ್ಲಿ ಹಿಡಿದು ತೋರಿಸಿದ. ಟಿಣ್ ಟಿಣ್ ನಿಲ್ಲಲಿಲ್ಲ. ಅವನು ವೈರನ್ನು ನನ್ನ ಕೈಗೆ ಕೊಟ್ಟು, ದುಡ್ಡು ಕೂಡ ಕೇಳದೆ ಹೋದ.

ಬೆಳೆಗಾರರು ಮೆಲ್ಲಗೆ ಇಳಿದು ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡರು. "ಇದು ತಗಡಿಗೆ ಮಾತ್ರ ಕಣವ್ವ" ಅಂದರು.

ಪಾದ

ಸುದ್ದಿ ಆಗಲೇ ಕೆ.ಆರ್. ನಗರ ದಾಟಿತ್ತು. ಸಾಲಿಗ್ರಾಮದಿಂದ ಬಂದ ಅಕ್ಕಿ ವ್ಯಾಪಾರಿ ಕಾರನ್ನು ಒಂದು ಸುತ್ತು ಹಾಕಿ, ಕೀ ತಿರುಗಿಸಿ ನೋಡಿ, ನಗುನಗುತ್ತಾ ಚೌಕಾಸಿಗಿಳಿದ. "ಒಳಗೆ ನಿಮ್ಮ ಯಜಮಾನ್ರು ಕೂತವ್ರಂತೆ. ಅಂತಾ ಗಾಡಿನ ಯಾರ್ ತಗತಾರೆ? ಅರ್ಧ ರೇಟಿಗೆ ಕೊಟ್ಬುಡಿ, ನಾನು ದೆವ್ವಕ್ಕೆಲ್ಲ ಎದ್ರೋನಲ್ಲ."

ನನಗೆ ರೇಗಿತು. ಸತ್ತವರನ್ನು ತೋರಿಸಿ ಬೆಲೆ ಇಳಿಸುವುದೆಂದರೇನು? "ನೋಡಪ್ಪ, ಅವರು ಒಂದು ದಿನಾನೂ ಆ ಸೀಟಲ್ಲಿ ಕೂತವರಲ್ಲ. ಯಾವಾಗ್ಲೂ ಸ್ಟೇರಿಂಗ್ ಮುಂದೆ. ಎಡಗಡೆ ಸೀಟಲ್ಲಿ ಇರೋದು ನಾನು!"

ಅವನ ನಗು ನಿಂತಿತು. ಖಾಲಿ ಸೀಟನ್ನು ನೋಡಿದ. ಟಿಣ್ ಟಿಣ್ ಎನ್ನುತ್ತಿತ್ತು. ನನ್ನ ಮುಖ ನೋಡಿದ. ಆಮೇಲೆ ಅವನ ಕಣ್ಣು ನಿಧಾನವಾಗಿ ಕೆಳಗಿಳಿದು ನನ್ನ ಸೀರೆಯ ಅಂಚಿಗೆ ಬಂದು ನಿಂತಿತು.

"ಅಮ್ಮಾರೇ, ತಪ್ಪು ತಿಳೀಬ್ಯಾಡಿ. ಒಸಿ ಈ ಕಡೆ ನಡ್ಕಂಡು ಬನ್ನಿ."

ಹಿಮ್ಮಡಿ ಮುಂದಿದೆಯೇ ಎಂದು ನೋಡುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಎರಡು ಹೆಜ್ಜೆ ನಡೆದೆ. ಅವನು ಮೂರು ಹೆಜ್ಜೆ ಹಿಂದೆ ಸರಿದ. ಹಾಗೇ ಹಿಂದೆ ಹಿಂದೆ ಸರಿಯುತ್ತಾ ಗೇಟು ದಾಟಿದ. ಎಂಥ ಮೂಢ ಜನ ಎಂದು ಬೈದುಕೊಂಡೆ. ಸಂಜೆ ದೀಪ ಹಚ್ಚುವ ಮುಂಚೆ ಕಾಲು ತೊಳೆಯುವಾಗ ನಾನೂ ಒಂದು ಸಲ ನೋಡಿಕೊಂಡೆ.

ಬೆಲ್ಟು

ಮೋಡ ಕಟ್ಟತೊಡಗಿತು. ಗುಜರಿಯವನು, "ಸೋಮವಾರ ಬತ್ತೀನಿ, ಗಾಡಿ ಖಾಲಿ ಮಾಡಿಡಿ" ಎಂದು ಹೇಳಿಹೋದ. ಭಾನುವಾರ ಬೆಳಿಗ್ಗೆ ಎಚ್.ಡಿ. ಕೋಟೆಯಿಂದ ಒಬ್ಬರು ಬಂದರು. ಕಾಕನಕೋಟೆ ಕಾಡಿನ ದಾರಿಯಲ್ಲಿ ವರ್ಷಗಟ್ಟಲೆ ಜೀಪು ಓಡಿಸಿದವರಂತೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತು ಕೀ ತಿರುಗಿಸಿದರು, ಟಿಣ್ ಟಿಣ್ ಎಂದಿತು. ಅವರು ಎಡಗಡೆ ಸೀಟಿಗೆ ತಿರುಗಿ, "ನಮಸ್ಕಾರ ಸ್ವಾಮಿ" ಅಂದರು.

"ನಿಮಗೆ ಭಯ ಇಲ್ವಾ?" ಎಂದೆ.

"ಕಾಡ್ನಲ್ಲಿ ಇಂತೋರು ಗಾಡಿ ಅತ್ತುತಾರೆ, ಇಳೀತಾರೆ ಕಣವ್ವ. ಚಾರ್ಜು ಮಾತ್ರ ಕೊಡಾಕಿಲ್ಲ."

ಮೂವರಲ್ಲಿ ಯಾರೂ ಹೇಳದಷ್ಟು ಒಳ್ಳೆ ಬೆಲೆ ಹೇಳಿದರು. ಬಾಗಿಲಿನ ನೆಗ್ಗು ಕೂಡ ಹಾಗೇ ಇರಲಿ, ದೃಷ್ಟಿ ಆಗುವುದಿಲ್ಲ ಅಂದರು. ನನಗೆ ಅಳು ಬರುವಷ್ಟು ಸಮಾಧಾನವಾಯಿತು. ಒಂದೇ ಒಂದು ಮಾತು ಸೇರಿಸಿದರು: "ಅವ್ರನ್ನ ಮಾತ್ರ ಇಳಿಸ್ಕೊಡಿ. ಮನೆ ಬುಟ್ಟು ಅಷ್ಟು ದೂರ ಬಂದ್ರೆ ಅವ್ರಿಗೂ ಬೇಜಾರು."

ಇಳಿಸುವುದು ಹೇಗೆ? ಎಚ್.ಡಿ. ಕೋಟೆಯವರು ಎದ್ದು ಜಾಗ ಬಿಟ್ಟುಕೊಟ್ಟರು. ನಾನು ಜೀವಮಾನದಲ್ಲಿ ಮೊದಲ ಸಲ ಸ್ಟೇರಿಂಗ್ ಮುಂದೆ ಕೂತೆ. ಯಜಮಾನರ ಕೈ ತಗುಲಿ ತಗುಲಿ ನುಣುಪಾದ ಚಕ್ರ. ಅದನ್ನು ಹಿಡಿದುಕೊಂಡಾಗ ತಟ್ಟನೆ ನೆನಪಾಯಿತು: ನಿನಗೆ ಡ್ರೈವಿಂಗ್ ಬಂದಿದ್ರೆ ನಾನು ಅಲ್ಲಿ ಆರಾಮಾಗಿ ಕೂತ್ಕೊಂಡು ಬರ್ತಿದ್ದೆ. ವರ್ಷದಿಂದ ಕಾಯುತ್ತಾ ಕೂತಿದ್ದಾರೆ, ನಾನು ಗಿರಾಕಿ ಹುಡುಕುತ್ತಾ ಓಡಾಡುತ್ತಿದ್ದೇನೆ.

ಕಣ್ಣೊರೆಸಿಕೊಂಡು ಎಡಕ್ಕೆ ತಿರುಗಿದೆ. "ಬೆಲ್ಟ್ ಹಾಕ್ಕೊಳ್ರೀ" ಅಂದೆ.

ಟಿಣ್ ಟಿಣ್ ನಿಂತಿತು.

ಹೊರಗೆ ನಿಂತಿದ್ದ ಎಚ್.ಡಿ. ಕೋಟೆಯವರು ಕಿಟಕಿಯಿಂದ ಕೈ ತೆಗೆದರು. ಆನೆಗೂ ಹೆದರದ ಮನುಷ್ಯ, ಚಪ್ಪಲಿ ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.

ಸೋಮವಾರ ಗುಜರಿಯವನು ತಕ್ಕಡಿ ತಂದ. "ಗಾಡಿ ಖಾಲಿ ಮಾಡಿದ್ರಾ ಅಮ್ಮಾರೇ?" ಎಂದ. ಖಾಲಿ ಇಲ್ಲ ಎಂದು ಹೇಳಿ ಗೇಟು ಹಾಕಿದೆ.

ಈಗ ದಿನಾ ಬೆಳಿಗ್ಗೆ ಆರಕ್ಕೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಮನೆಗೇ ಬರುತ್ತಾರೆ. ಬಾಗಿಲಿನ ನೆಗ್ಗು ಹಾಗೇ ಇದೆ. ಕಲಿಸುವವರು ಪಕ್ಕದಲ್ಲಿ ಕೂರಬೇಕು ಮೇಡಂ ಎಂದು ಅವರು ಮೊದಲ ದಿನ ವಾದ ಮಾಡಿದರು. ಈಗ ಮಾತಿಲ್ಲದೆ ಹಿಂದಿನ ಸೀಟಿನಲ್ಲಿ ಕೂರುತ್ತಾರೆ.