ಹದಿನೈದು ನಿಮಿಷಕ್ಕೊಮ್ಮೆ ಕಣ್ಣು ಬಿಡುವ ಪತ್ರಕರ್ತ

ನಿಧಾನವಾಗಿ ಆಗುವ ಯಾವ ಕೆಲಸವನ್ನೂ ಈಗಿನವರು ಕೂತು ನೋಡಲಾರರು. ಮೊಗ್ಗು ಅರಳುವುದಕ್ಕೆ ಅದರದೇ ಹೊತ್ತು ಬೇಕು ಎಂದರೆ ಅದು ಮೊಗ್ಗಿನ ಸೋಮಾರಿತನ ಎನ್ನುವಂತೆ ಮುಖ ಮಾಡುತ್ತಾರೆ. ಇಂಥವರ ಅನುಕೂಲಕ್ಕೆಂದೇ ಹುಟ್ಟಿರುವ ವಿದ್ಯೆ ಟೈಮ್‌ಲ್ಯಾಪ್ಸ್. ಕ್ಯಾಮೆರಾವನ್ನು ಒಂದು ಕಡೆ ಅಲುಗದಂತೆ ಕಟ್ಟಿ, ಇಷ್ಟು ಹೊತ್ತಿಗೆ ಒಂದರಂತೆ ಚಿತ್ರ ತೆಗೆಯುತ್ತ ಹೋಗಿ, ಆಮೇಲೆ ಎಲ್ಲವನ್ನೂ ಪೋಣಿಸಿ ಓಡಿಸಿದರೆ ತಿಂಗಳುಗಟ್ಟಲೆಯ ಬದುಕು ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿರುವ ನಾನು ಈ ವಿದ್ಯೆಯನ್ನು ಮನಸಾರೆ ತಿರಸ್ಕರಿಸುತ್ತೇನೆ. ತಿರಸ್ಕರಿಸುತ್ತಲೇ ಮೂರು ತಿಂಗಳು ಅದರ ಸೇವೆ ಮಾಡಿದೆ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಪ್ರಧಾನ ಕಚೇರಿಯಲ್ಲಿ ಡಿಜಿಟಲ್ ವಿಭಾಗ ಅಂತ ಒಂದಿದೆ. ಅದರ ಮುಖ್ಯಸ್ಥರು ನನ್ನ ಮಗನಿಗಿಂತ ಎರಡು ವರ್ಷ ಚಿಕ್ಕವರು. ಒಂದು ದಿನ ಜಿಲ್ಲೆಯ ವರದಿಗಾರರನ್ನೆಲ್ಲ ದುರ್ಗಕ್ಕೆ ಕರೆಸಿ, ಪದಗಳ ಕಾಲ ಮುಗಿಯಿತು, ಇನ್ನು ದೃಶ್ಯವೇ ಕತೆ ಹೇಳಬೇಕು ಎಂದರು. ಈ ಮಾತನ್ನು ಹೇಳುವುದಕ್ಕೆ ಅವರು ಒಂದೂವರೆ ಗಂಟೆ ಪದಗಳನ್ನೇ ಬಳಸಿದರು. ಆಮೇಲೆ ಗೋಡೆಯ ಮೇಲೆ ಚಿತ್ರ ಬಿಟ್ಟರು. ಯಾವುದೋ ದೇಶದಲ್ಲಿ ಕಟ್ಟಡವೊಂದು ನೆಲದಿಂದ ಎದ್ದು ಆಕಾಶ ಮುಟ್ಟಿತು. ಮೋಡಗಳು ದೌಡಾಯಿಸಿದವು. ನಮ್ಮ ಬಯಲಿನಲ್ಲಿ ಮೋಡಗಳು ಯಾರೂ ಓಡಿಸದೆಯೇ ದೌಡಾಯಿಸುತ್ತವೆ, ನಿಂತು ನಾಲ್ಕು ಹನಿ ಹಾಕಿದರೆ ಅದು ಸುದ್ದಿ, ಎಂದು ನಾನು ಪಕ್ಕದವರ ಕಿವಿಯಲ್ಲಿ ಹೇಳಿದೆ. ಪಕ್ಕದವರು ಹೊಸದುರ್ಗದ ವರದಿಗಾರರು. ಅವರು ನನ್ನ ಮಾತಿಗೆ ಗಮನ ಕೊಡದೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ತಿಂಗಳೊಳಗೆ ಜಿಲ್ಲೆಯಲ್ಲಿ ಕತೆ ಹೇಳುವ ದೃಶ್ಯಗಳ ಸುಗ್ಗಿಯಾಯಿತು. ಹೊಸದುರ್ಗದವರು ಅಂಗಳದಲ್ಲಿ ಕೊಬ್ಬರಿ ಒಣಗುವುದನ್ನು ಹಿಡಿದರು. ಒಂದು ನಿಮಿಷದ ಆ ಚಿತ್ರದಲ್ಲಿ ಕೊಬ್ಬರಿ ಕೊಬ್ಬರಿಯಾಗಿಯೇ ಇತ್ತು, ನೆರಳು ಮಾತ್ರ ಗೋಡೆಯಿಂದ ಗೋಡೆಗೆ ಹೋಯಿತು. ಹಿರಿಯೂರಿನವರು ಯಲ್ಲದಕೆರೆಯ ಹೊಲವೊಂದರಲ್ಲಿ ಶೇಂಗಾ ಮೊಳೆಯುವುದನ್ನು ಹಿಡಿಯಲು ಗೂಟ ನೆಟ್ಟು ಕ್ಯಾಮೆರಾ ಕಟ್ಟಿದರು. ಅವರದು ಗಂಟೆಗೊಂದು ಚಿತ್ರ. ಎರಡು ಚಿತ್ರಗಳ ನಡುವಿನ ಬಿಡುವಿನಲ್ಲಿ ಕುರಿಮಂದೆಯೊಂದು ಬಂದು, ಸಾವಕಾಶವಾಗಿ ಮೇಯ್ದು, ಹೋಗಿಯೂ ಬಿಟ್ಟಿತು. ಹೀಗಾಗಿ ವಿಡಿಯೋದಲ್ಲಿ ಹೊಲ ಹಸಿರಾಗಿದ್ದದ್ದು ಕಣ್ಣು ಮುಚ್ಚಿ ಬಿಡುವುದರೊಳಗೆ ಬೋಳಾಯಿತು. ಒಂದು ಕುರಿಯೂ ಕಾಣಲಿಲ್ಲ. ಡಿಜಿಟಲ್ ಮುಖ್ಯಸ್ಥರು ಇದನ್ನು ನೋಡಿ ಹವಾಮಾನ ಬದಲಾವಣೆಯ ಮನಕಲಕುವ ದಾಖಲೆ ಎಂದು ಎಲ್ಲರಿಗೂ ಕಳಿಸಿದರು. ಹೊಲದ ಯಜಮಾನರು ಮಾತ್ರ ಕುರಿ ಯಾರವು ಎಂದು ಇವತ್ತಿಗೂ ಹುಡುಕುತ್ತಿದ್ದಾರೆ.

ಇಷ್ಟೆಲ್ಲ ಹಂಗಿಸುವ ನಾನು ಸುಮ್ಮನೆ ಇರಬಹುದಿತ್ತು. ಆದರೆ ಕುರಿ ಕಾಣದ ಆ ವಿಡಿಯೋಕ್ಕೆ ಸಿಕ್ಕ ಶಹಬ್ಬಾಸ್‌ಗಿರಿ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿ ಎಬ್ಬಿಸಿತ್ತು. ಮಾಡಿದರೆ ಇವರಿಗೆಲ್ಲ ಬುದ್ಧಿ ಬರುವ ಹಾಗೆ ಮಾಡಬೇಕು, ಏನೂ ಆಗದೆ ಇರುವುದನ್ನೇ ಹಿಡಿಯಬೇಕು ಎಂದುಕೊಂಡೆ. ನಮ್ಮ ಕಡೆ ಅದಕ್ಕೇನೂ ಬರವಿಲ್ಲ. ಹೊಳಲ್ಕೆರೆಯ ಒಂದು ಬೀದಿಯಲ್ಲಿ ಚರಂಡಿಗೆಂದು ಆಳುದ್ದ ಗುಂಡಿ ತೋಡಿ, ಮೇಲೆ ಚಪ್ಪಡಿ ಹಾಕದೆ ಹಾಗೇ ಬಿಟ್ಟಿದ್ದರು. ಗುತ್ತಿಗೆದಾರ ಬೇರೆ ಊರಿನ ಕೆಲಸ ಹಿಡಿದು, ಇಲ್ಲಿ ಹೆಸರಿಗೆ ಒಬ್ಬ ಮೇಸ್ತ್ರಿಯನ್ನೂ ನಾಲ್ಕು ಆಳುಗಳನ್ನೂ ಬಿಟ್ಟುಹೋಗಿದ್ದ. ಗುಂಡಿಯ ಆಚೆಗೆ ರುದ್ರಕ್ಕನ ಹೋಟೆಲು. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹ. ಅಡಿಕೆ ವ್ಯಾಪಾರಕ್ಕೆ ಬಂದವರು, ಶಿವಮೊಗ್ಗದ ಬಸ್ಸಿಗೆ ಕಾಯುವವರು ಎಲ್ಲ ಅಲ್ಲಿಗೇ ಹೋಗುತ್ತಿದ್ದರು. ಈಗ ಹೋಗಬೇಕೆಂದರೆ ಗುಂಡಿಯ ಮೇಲೆ ಅಡ್ಡ ಹಾಕಿದ ಒಂದು ಹಲಗೆಯ ಮೇಲೆ ನಡೆಯಬೇಕು. ಮಿರ್ಚಿಯ ಆಸೆಗೆ ಅಷ್ಟು ಸಾಹಸ ಮಾಡುವವರು ಕಡಿಮೆ. ಎರಡು ಒಲೆಯಲ್ಲಿ ಒಂದನ್ನು ರುದ್ರಕ್ಕ ಆರಿಸಿಯಾಗಿತ್ತು. ಹಿಟ್ಟು ಕಲಸಲು ಬರುತ್ತಿದ್ದ ಹೆಂಗಸನ್ನೂ ಬಿಡಿಸಿದ್ದಳು.

ನಾನು ಹೋಗಿ ಕೇಳಿದಾಗ ಅವಳು ಮಾಳಿಗೆಯ ಮೇಲೆ ಕ್ಯಾಮೆರಾ ಇಡಲು ಎರಡು ಮಾತಿಲ್ಲದೆ ಒಪ್ಪಿದಳು. ಕೇಳಿದ್ದು ಒಂದೇ ಪ್ರಶ್ನೆ: "ಇದರಿಂದ ಚಪ್ಡಿ ಬೀಳುತ್ತಾ ಅಣ್ಣಾ?" ಬೀಳದೆ ಇರುವುದುಂಟೇ, ಇಡೀ ರಾಜ್ಯವೇ ನೋಡುತ್ತದೆ ಎಂದೆ. ಹಳೆಯ ಫೋನೊಂದನ್ನು ಬಿಸ್ಕತ್ತಿನ ಡಬ್ಬಿಗೆ ತೂತು ಕೊರೆದು ಅದರಲ್ಲಿ ಕೂರಿಸಿ, ಬೀದಿಯೂ ಗುಂಡಿಯೂ ಕಾಣುವಂತೆ ಮಾಳಿಗೆಯ ಗೋಡೆಗೆ ಕಟ್ಟಿದೆ. ಬೆಳಗಿನಿಂದ ಸಂಜೆವರೆಗೆ ಹದಿನೈದು ನಿಮಿಷಕ್ಕೊಂದು ಚಿತ್ರ. ಪ್ರತಿ ಸಲವೂ ಟಿಕ್ ಎಂದು ಕೆಳಗಿನವರಿಗೂ ಕೇಳುವಂಥ ಸದ್ದು.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಬಂದಿದ್ದರೆ ನಾನು ನಾನಾಗುತ್ತಿರಲಿಲ್ಲ. ಮೇಸ್ತ್ರಿ ತಿಪ್ಪೇಶಿ ಹತ್ತಿರ ಬಂದು, "ಅದೇನ್ ಸಾರ್ ಅದು, ಡಬ್ಬಿ?" ಎಂದು ವಿನಯದಿಂದ ಕೇಳಿದ. ತಿರಸ್ಕರಿಸುವ ವಿದ್ಯೆಯೇ ಆದರೂ ಕೇಳಿದವರಿಗೆ ವಿವರಿಸುವಾಗ ಏನೋ ಒಂದು ಗತ್ತು ಬಂದುಬಿಡುತ್ತದೆ. ಎಷ್ಟು ಹೊತ್ತಿಗೊಮ್ಮೆ ಅದು ಕಣ್ಣು ಬಿಡುತ್ತದೆ, ನಡುವೆ ಆಗಿದ್ದು ಹೇಗೆ ಅದಕ್ಕೆ ಲೆಕ್ಕಕ್ಕಿಲ್ಲ, ಎಲ್ಲವನ್ನೂ ಅವನ ಹೆಗಲ ಮೇಲೆ ಕೈಯಿಟ್ಟು ವಿವರಿಸಿದೆ. ತಿಪ್ಪೇಶಿ ತಲೆದೂಗುತ್ತ ಕೇಳಿದ. ಅಷ್ಟು ಶ್ರದ್ಧೆಯ ಶಿಷ್ಯ ನನಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ನಮ್ಮ ಜನಕ್ಕೂ ಫೋಟೋಕ್ಕೂ ಇರುವ ಸಂಬಂಧವನ್ನು ಆ ಡಿಜಿಟಲ್ ಪಂಡಿತರು ಅರಿಯರು. ತುರುವನೂರಿನ ನಮ್ಮ ಸೋದರಮಾವನ ಮದುವೆಯಲ್ಲಿ ಫೋಟೋದವನು ಅಲುಗಾಡಬೇಡಿ ಎಂದು ಹೇಳಿ, ರೀಲು ತರಲೆಂದು ಹೊರಗೆ ಹೋದನಂತೆ. ಅವನು ವಾಪಸು ಬರುವವರೆಗೆ ಎರಡೂ ಕಡೆಯ ಬೀಗರು ಉಸಿರು ಬಿಗಿಹಿಡಿದು ನಿಂತೇ ಇದ್ದರಂತೆ. ಆ ಮನೆತನದ ಜನ ನಾವು. ಚಿತ್ರ ತೆಗೆಯುತ್ತಾರೆ ಎಂದರೆ ಮಾಡುತ್ತಿದ್ದ ಕೆಲಸ ಬಿಟ್ಟು ನೆಟ್ಟಗೆ ನಿಲ್ಲುವವರು. ಹೊಳಲ್ಕೆರೆಯ ಬೀದಿಯಲ್ಲೂ ಅದೇ ಆಯಿತು. ಮಾಳಿಗೆಯ ಡಬ್ಬಿಯ ಸುದ್ದಿ ಹರಡಿ, ದಾರಿಹೋಕರು ತಲೆ ಬಾಚಿಕೊಂಡು ಟಿಕ್ ಎನ್ನುವವರೆಗೆ ನಿಂತು ಮುಂದೆ ಹೋಗುತ್ತಿದ್ದರು. ಇಸ್ತ್ರಿ ಅಂಗಿಯ ಹಿರಿಯರೊಬ್ಬರು ದಿನವೂ ಹತ್ತು ಗಂಟೆಗೆ ಬಂದು ಒಂದು ಚಿತ್ರಕ್ಕೆ ನಿಂತು ಹೋಗುತ್ತಿದ್ದರಂತೆ.

ನಾನು ಪ್ರತಿ ಗುರುವಾರ ಹೋಗಿ, ಡಬ್ಬಿ ನೆಟ್ಟಗಿದೆಯೇ ನೋಡಿ, ರುದ್ರಕ್ಕನ ಚಹ ಕುಡಿದು ಬರುತ್ತಿದ್ದೆ. ಮೂರು ತಿಂಗಳಾದ ಮೇಲೆ ರಾಶಿ ಚಿತ್ರಗಳನ್ನು ಕಚೇರಿಗೆ ಕಳಿಸಿದೆ. ಅಷ್ಟನ್ನೂ ತೆರೆದು ನೋಡುವ ವ್ಯವಧಾನ ಯಾರಿಗಿದೆ? ಗುಂಡಿ ಹಾಗೇ ಇದೆ ಎಂಬುದು ನನಗೆ ಗೊತ್ತೇ ಇತ್ತು. ಕಚೇರಿಯವರು ಒಂದು ನಿಮಿಷಕ್ಕೆ ಇಳಿಸಿ, ಹಿಂದೆ ಡೊಳ್ಳಿನ ಸದ್ದು ಸೇರಿಸಿ, 'ದುಡಿಮೆ ನಿಲ್ಲದ ಬೀದಿ' ಎಂದು ಹೆಸರಿಟ್ಟು ಬಿಟ್ಟರು. ನಾನು ತಲೆಬರಹವನ್ನಷ್ಟೇ ಓದಿ, ಇದು ವ್ಯಂಗ್ಯವೆಂದು ಮೆಚ್ಚಿಕೊಂಡೆ. ಅಷ್ಟು ಸೂಕ್ಷ್ಮ ಆ ವಿಭಾಗದಲ್ಲಿ ಇದೆ ಎಂದು ನಂಬಿದ್ದು ನನ್ನ ತಪ್ಪು. ಸಾವಿರಾರು ಜನ ನೋಡಿದ್ದಾರೆ, ಅಭಿನಂದನೆ, ಎಂದು ಮುಖ್ಯಸ್ಥರು ಸಂದೇಶ ಕಳಿಸಿದರು. ಅದನ್ನು ನಾನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ.

ಆ ಗುರುವಾರ ಹಲಗೆ ದಾಟಿ ಹೋದಾಗ ರುದ್ರಕ್ಕ ಬರ್ರಿ ಎನ್ನಲಿಲ್ಲ, ಕುಂತ್ಕಳ್ರಿ ಎನ್ನಲೂ ಇಲ್ಲ. ಉಳಿದಿದ್ದ ಒಂದು ಒಲೆಯೂ ಆರಿತ್ತು. ಹಿಂದಿನ ದಿನ ಅವಳು ಚಪ್ಪಡಿಯ ವಿಷಯ ಕೇಳಲು ಎಂಜಿನಿಯರರ ಹತ್ತಿರ ಹೋಗಿದ್ದಳಂತೆ. ಅವರು ನಗುತ್ತ ತಮ್ಮ ಫೋನಿನಲ್ಲಿ ನನ್ನ ವಿಡಿಯೋವನ್ನೇ ತೋರಿಸಿ, ನೋಡಮ್ಮ, ಪೇಪರಿನವರೇ ಹಾಕಿದಾರೆ, ಒಂದು ಗಳಿಗೆಯೂ ಕೆಲಸ ನಿಂತಿಲ್ಲ ಎಂದು ಕಳಿಸಿದರಂತೆ. ಅವಳ ಫೋನಿನಲ್ಲಿ ನಾನು ಆ ವಿಡಿಯೋವನ್ನು ಮೊದಲ ಬಾರಿಗೆ ಕೂತು ನೋಡಿದೆ. ಪ್ರತಿ ಚಿತ್ರದಲ್ಲೂ ನಾಲ್ಕು ಆಳುಗಳು ಬಾಂಡ್ಲಿ ಎತ್ತಿದ್ದರು, ಪಿಕಾಸಿ ಬೀಸಿದ್ದರು. ತಿಪ್ಪೇಶಿ ಕೈ ನೀಡಿ ಅಪ್ಪಣೆ ಕೊಡುತ್ತಿದ್ದ. ಒಂದೇ ಮಣ್ಣಿನ ಗುಡ್ಡೆ ಗುಂಡಿಯ ಎಡಕ್ಕೆ ಹೋಗಿ, ಬಲಕ್ಕೆ ಬಂದು, ಮತ್ತೆ ಎಡಕ್ಕೆ ಹೋಗುತ್ತಿತ್ತು.

ನಡೆದದ್ದನ್ನು ರುದ್ರಕ್ಕನೇ ಬಿಡಿಸಿ ಹೇಳಿದಳು. ದಿನವಿಡೀ ಅವರು ಹೊಂಗೆ ಮರದ ನೆರಳಲ್ಲಿ ಮಲಗಿರುತ್ತಿದ್ದರು. ತಿಪ್ಪೇಶಿ ಗಡಿಯಾರ ನೋಡಿಕೊಂಡು, "ಏಳ್ರಲೇ, ಟೈಮಾತು" ಎನ್ನುತ್ತಿದ್ದ. ಎದ್ದು ಬಾಂಡ್ಲಿ ಎತ್ತಿ, ಟಿಕ್ ಎಂದ ಮೇಲೆ ಇಳಿಸಿ, ಮತ್ತೆ ಮಲಗುತ್ತಿದ್ದರು. ಗುಡ್ಡೆಯನ್ನು ಆಚೀಚೆ ಮಾಡುವುದು ಸಂಜೆಯ ತಂಪಿನಲ್ಲಿ. ಇದು ನನಗೂ ಗೊತ್ತು, ಕ್ಯಾಮೆರಾದಲ್ಲಿ ಅದೂ ಬೀಳುತ್ತಿದೆ ಎಂದೇ ಅವಳು ನಂಬಿಕೊಂಡಿದ್ದಳಂತೆ.

ನನಗೆ ರೇಗಿಹೋಯಿತು. ಈ ದರಿದ್ರ ವಿದ್ಯೆಯೇ ಹೀಗೆ, ಕ್ಷಣವನ್ನು ಹಿಡಿದು ದಿನವನ್ನು ಬಿಡುತ್ತದೆ, ಕುರಿಯನ್ನು ಬಿಟ್ಟು ಬೋಳು ಹೊಲ ತೋರಿಸುತ್ತದೆ, ಕಣ್ಣಿದ್ದೂ ಕುರುಡು, ಇಂಥದ್ದನ್ನು ಪತ್ರಿಕಾವೃತ್ತಿ ಎನ್ನುವವರಿಗೆ ನಾಚಿಕೆಯಾಗಬೇಕು, ಎಂದೆಲ್ಲ ಭಾಷಣ ಬಿಗಿದೆ. ರುದ್ರಕ್ಕ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ವಿಡಿಯೋವನ್ನು ಮತ್ತೆ ಓಡಿಸಿ ಒಂದು ಕಡೆ ನಿಲ್ಲಿಸಿದಳು. ಗುಂಡಿಯ ಅಂಚಿನ ಬೆಂಚಿನ ಮೇಲೆ, ಗುಂಡಿಗೆ ಬೆನ್ನು ಹಾಕಿ, ಚಹದ ಲೋಟ ಹಿಡಿದು, ಗೋಣೆತ್ತಿ ಡಬ್ಬಿಯನ್ನೇ ನೋಡುತ್ತ ಒಬ್ಬ ಮನುಷ್ಯ ಕೂತಿದ್ದ. ಮುಂದೆ ಓಡಿಸಿ ಮತ್ತೆ ನಿಲ್ಲಿಸಿದಳು. ಅವನೇ, ಬೇರೆ ಅಂಗಿ. ಇನ್ನೊಂದು ಸಲ. ಮತ್ತೂ ಅವನೇ. ಅವನ ಬೆನ್ನ ಹಿಂದೆ ಮಾರು ದೂರದಲ್ಲಿ ಆಳುಗಳು ಬಾಂಡ್ಲಿ ಎತ್ತಿ ಗೊಂಬೆಗಳ ಹಾಗೆ ನಿಂತಿದ್ದರು.

"ಡಬ್ಬಿಗೆ ಕಾಲುಗಂಟೆಗೊಂದ್ಸಲ ಕಾಣ್ತಿತ್ತು. ನಿಮಗೆ ವಾರಕ್ಕೊಂದ್ಸಲಾನೂ ಕಾಣ್ಲಿಲ್ವಲ್ಲಣ್ಣ" ಎಂದಳು.

ಅದೇ ಬೆಂಚಿನಲ್ಲಿ ಗುಂಡಿಯ ಕಡೆಗೆ ತಿರುಗಿ ಕೂತು, ಅದನ್ನೇ ನೋಡುತ್ತ ಆರು ಸಾಲಿನ ಸುದ್ದಿ ಬರೆದು ಕಳಿಸಿದೆ. ಮಾರನೆಯ ದಿನ ಒಳಪುಟದ ಮೂಲೆಯಲ್ಲಿ ಬಂತು. ಐದನೆಯ ದಿನ ಲಾರಿಯಲ್ಲಿ ಚಪ್ಪಡಿಗಳು ಬಂದವು. ಹಿಟ್ಟು ಕಲಸುವ ಹೆಂಗಸನ್ನು ರುದ್ರಕ್ಕ ವಾಪಸು ಕರೆಸಿಕೊಂಡಳು. ಮಿರ್ಚಿಯ ತಟ್ಟೆ ನನ್ನ ಮುಂದಿಟ್ಟು, "ಆರು ಸಾಲಿಗೆ ಆಗೋ ಕೆಲ್ಸ ಆಗಿದ್ರೆ ಮದ್ಲೇ ಯಾಕಣ್ಣ ಬರೀಲಿಲ್ಲ?" ಎಂದು ಕೇಳಿದಳು. ಕಚೇರಿಯ ನಿಯಮ, ಪುಟದಲ್ಲಿ ಜಾಗದ ಅಭಾವ ಎಂದು ಏನೋ ಹೇಳಿ ಮಿರ್ಚಿ ಬಾಯಿಗಿಟ್ಟುಕೊಂಡೆ.

ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಆ ಆರು ಸಾಲನ್ನು ನಾನು ಡಬ್ಬಿ ಕಟ್ಟಿದ ಮೊದಲ ವಾರವೇ ಒಮ್ಮೆ ಬರೆದಿಟ್ಟಿದ್ದೆ. ಕಳಿಸಲಿಲ್ಲ. ಕಳಿಸಿದರೆ ಚಪ್ಪಡಿ ಬಿದ್ದುಬಿಡುತ್ತದೆ, ನನ್ನ ವಿಡಿಯೋ ಹಾಳಾಗುತ್ತದೆ ಎಂಬ ಭಯ. ಹೊಳಲ್ಕೆರೆಯ ಆ ಗುಂಡಿ ಮುಚ್ಚದಿರಲಿ ಎಂದು ಮೂರು ತಿಂಗಳು ಬಯಸಿದವರು ಇಬ್ಬರೇ, ಗುತ್ತಿಗೆದಾರ ಮತ್ತು ನಾನು. ಅವನಾದರೂ ಅವಳ ಚಹ ಕುಡಿದಿರಲಿಲ್ಲ.