ಕೊಲ್ಲಾಪುರಮ್ಮನ ಎಡಗಾಲಿನ ಕಡತ

ಹೊನ್ನಾಳಿಯ ಸಸ್ಯತೈಲ ಶಿಲೀಂಧ್ರ ನಿವಾರಣಾ ಘಟಕಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಸಮಸ್ತ ಶಿಲೀಂಧ್ರಗಳ ಮೇಲೂ ಪೂರ್ಣ ಅಧಿಕಾರವಿದೆ. ಚರ್ಮ, ಉಗುರು, ಗೋಡೆ, ಕಾಗದ, ಎಲ್ಲಿ ಬೂಷ್ಟು ಹಿಡಿದರೂ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಸವರತಕ್ಕದ್ದು ಎಂಬುದು ಘಟಕದ ಮೊದಲ ನಿಯಮ. ನೋಂದಣಿ ಸಂಖ್ಯೆ ಇಲ್ಲದ ಯಾವುದಕ್ಕೂ ಸವರತಕ್ಕದ್ದಲ್ಲ ಎಂಬುದು ಎರಡನೆಯದು. ಎಣ್ಣೆ ಒಳ್ಳೆಯದೇ. ಅದರ ಬಗ್ಗೆ ಯಾರದೂ ತಕರಾರಿಲ್ಲ.

ಜಗಳೂರು ತಾಲ್ಲೂಕಿನ ಸೊಕ್ಕೆ ಊರಿನ ಕೊಲ್ಲಾಪುರಮ್ಮ ಭತ್ತದ ನಾಟಿ ಕೆಲಸಕ್ಕೆಂದು ಹೊನ್ನಾಳಿಗೆ ಬಂದವಳು. ಕೆಸರಿನಲ್ಲಿ ನಿಂತು ನಿಂತು ಅವಳ ಎಡಗಾಲಿನ ಬೆರಳುಸಂದಿಗಳು ಬಿಳಿಚಿ, ಸುಲಿದು, ಪ್ರಾಣ ಹೋಗುವಷ್ಟು ತುರಿಸುತ್ತಿದ್ದವು. ನಾಟಿ ಗುಂಪಿನ ಯಜಮಾನಿ ಉಡಚಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು:

"ಹುಣ್ಣಿನ ಕಾಲು ಗದ್ದೆಗಿಳಿಸಾಂಗಿಲ್ಲ. ದೊಡ್ಡ ಗದ್ದೆ ನಾಟಿಗೆ ಇಪ್ಪತ್ತು ದಿನ ಐತೆ. ಅಷ್ಟರಾಗೆ ವಾಸಿ ಮಾಡ್ಕಂಡ್ರೆ ಸರಿ, ಇಲ್ಲಾಂದ್ರೆ ಊರಿಗೆ ಬಸ್ ಹತ್ತು."

ಅವಳು ಅಂದೇ ಘಟಕಕ್ಕೆ ಅರ್ಜಿ ಕೊಟ್ಟಳು. ಹತ್ತನೆಯ ದಿನ ವಿಚಾರಿಸಲು ಹೋದಾಗ ಗುಮಾಸ್ತ ಗುರುಬಸವರಾಜ್ ನಗುನಗುತ್ತ ಬರಮಾಡಿಕೊಂಡ.

"ಗುಣ ಆಯ್ತಮ್ಮ. ಪ್ರಕರಣ ಮುಗೀತು."

"ಎಲ್ರೀ ಗುಣ ಆಗೈತೆ? ನೋಡ್ರಿ, ರಕ್ತ ಬರಾಕೆ ಹತ್ತೈತೆ."

ಗುರುಬಸವರಾಜ್ ಸಮಾಧಾನದಿಂದ ವಿವರಿಸಿದ. ಮಳೆನೀರು ಸೋರಿ ಅವಳ ಅರ್ಜಿಯ ಕಡತಕ್ಕೇ ಬೂಷ್ಟು ಹಿಡಿದಿತ್ತು. ಕಡತಕ್ಕೆ ಸಂಖ್ಯೆ ಇತ್ತು. ದಿನಕ್ಕೆರಡು ಸಲ ಎಣ್ಣೆ ಸವರಿದರು. ಈಗ ಘಮಘಮ ಅನ್ನುತ್ತಿದೆ, ಒಂದು ಚುಕ್ಕೆಯೂ ಇಲ್ಲ.

"ಕಾಲಿಗೆ ಹಚ್ಚಾಕೆ ನಾಕು ಹನಿ ಕೊಡ್ರಿ ಮತ್ತೆ."

"ಕಾಲಿಗೆ ನಂಬರ್ ಎಲ್ಲೈತಮ್ಮ? ನಿಮ್ಮ ಮೇಲೆ ನಂಗೆ ಸಿಟ್ಟೇನಿಲ್ಲ. ನೀವು ಕಡತ ಆಗಿದ್ರೆ ಈಗ್ಲೇ ಹಚ್ತಿದ್ದೆ."

ಕೊಲ್ಲಾಪುರಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತಳು. ಅಳು ಮುಗಿದ ಮೇಲೆ ಎದುರಿನ ಅಂಗಡಿಯಲ್ಲಿ ಎರಡು ರಟ್ಟು, ಒಂದು ಕೆಂಪು ಲಾಡಿ ಕೊಂಡಳು. ಎಡಗಾಲನ್ನು ರಟ್ಟುಗಳ ನಡುವೆ ಇಟ್ಟು ಕಟ್ಟಿ, ಕುಂಟುತ್ತ ಒಳಬಂದು, ಸ್ಟೂಲಿನ ಮೇಲೆ ಕೂತು ಕಾಲನ್ನು ಟಪಾಲು ಮೇಜಿನ ಮೇಲಿಟ್ಟಳು.

ಗುರುಬಸವರಾಜ್ ರಟ್ಟು ನೋಡಿದ, ಲಾಡಿಯ ಗಂಟು ನೋಡಿದ. ನ್ಯೂನತೆ ಏನೂ ಕಾಣಲಿಲ್ಲ. ಹಿಮ್ಮಡಿಗೆ ಮೊಹರು ಒತ್ತಿ ೧೧೨ ಎಂದು ಬರೆದ. ಕಡತ ಕಚೇರಿ ಬಿಟ್ಟು ಹೋಗುವಂತಿಲ್ಲವಾದ್ದರಿಂದ ಎಡಗಾಲನ್ನು ದಾಖಲೆ ಕೋಣೆಯ ಕಪಾಟಿನ ಕೆಳಖಾನೆಯಲ್ಲಿ ಇಡಲಾಯಿತು. ಉಳಿದ ಕೊಲ್ಲಾಪುರಮ್ಮನನ್ನು ಲಗತ್ತು ಎಂದು ನಮೂದಿಸಲಾಯಿತು. ಲಗತ್ತಿಗೆ ರೊಟ್ಟಿಯನ್ನು ಗುಂಪಿನವರು ತರುತ್ತಿದ್ದರು.

ದಿನಕ್ಕೆರಡು ಸಲ ಎಣ್ಣೆ ಬಿದ್ದು ಎಂಟು ದಿನದಲ್ಲಿ ಕಾಲು ಎಳೆ ಮಗುವಿನ ಪಾದದಂತಾಯಿತು. ಅವಳ ಖುಷಿ ಹೇಳತೀರದು. ಲಾಡಿ ಬಿಚ್ಚಲು ಹೋದಾಗ ಘಟಕದ ಅಧಿಕಾರಿ ಪ್ರೇಮಲತಾ ಬಂದು ತಡೆದರು.

"ಬಿಚ್ಬ್ಯಾಡ್ರಿ. ಮುಗಿದ ಕಡತ ಐದು ವರ್ಷ ಕಾಯ್ದಿಡಬೇಕು."

"ನಾಡಿದ್ದು ನಾಟಿ ಐತ್ರೀ ಮೇಡಂ!"

"ಬ್ಯಾಡ ಅಂದೋರ್ಯಾರು? ಎರವಲು ಪತ್ರ ಬರೆಸ್ಕಂಡು ಬರ್ರಿ."

ಉಡಚಮ್ಮ ಬಂದು ಹೆಬ್ಬೆಟ್ಟು ಒತ್ತಿ ಕಾಲನ್ನು ಎರವಲು ಪಡೆದಳು. ನಾಟಿಯ ದಿನ ಗುರುಬಸವರಾಜ್ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಹರು ಹಿಡಿದು ಬದುವಿನ ಮೇಲೆ ಕಾವಲು ನಿಂತ. ಕೆಸರಿಗೆ ಮೊಹರು ಅಳಿಸಿಹೋಗುತ್ತಿದ್ದುದರಿಂದ ಸಾಲು ಮುಗಿದಾಗಲೆಲ್ಲ ಅವಳು ಕಾಲು ತೊಳೆದು ಹೊಸದಾಗಿ ಒತ್ತಿಸಿಕೊಳ್ಳಬೇಕಿತ್ತು. ಗದ್ದೆಯ ಮಾಲೀಕರು ತಮ್ಮ ಕೆಸರಿಗೆ ಸರ್ಕಾರಿ ಕಾಲು ಇಳಿದಿದೆಯೆಂದು ಊರೆಲ್ಲ ಹೇಳಿಕೊಂಡು ಬಂದರು. ಮಧ್ಯಾಹ್ನದ ಹೊತ್ತಿಗೆ ಉಳಿದ ಹೆಂಗಸರೂ ಬದುವಿಗೆ ಬಂದು ಸಾಲಾಗಿ ಕಾಲು ಚಾಚಿದರು.

"ನಮಗೂ ಒಂದೊಂದು ಒತ್ರಿ ಸಾಹೇಬ್ರೆ. ಸೀಲಿಲ್ದೆ ಇಳಿಯಾಕೆ ಒಂಥರಾ ಆಗ್ತೈತೆ."

ನಾಟಿ ಮುಗಿದು ಎರವಲು ಕಾಲು ಕಪಾಟಿಗೆ ಮರಳಿತು. ಗುಂಪು ಜಗಳೂರಿನ ಬಸ್ಸಿಗೆ ಹೊರಟ ದಿನ ಪ್ರೇಮಲತಾ ದಾಖಲೆ ಕೋಣೆಗೆ ಬಂದು ಆದೇಶ ಓದಿದರು. ಎಡಗಾಲು ಕಪಾಟಿನಲ್ಲೇ ಇರತಕ್ಕದ್ದು. ಬಲಗಾಲು ಯಾವುದೇ ಪ್ರಕರಣದಲ್ಲಿ ಇಲ್ಲದ ಕಾರಣ ಊರಿಗೆ ಹೋಗಲು ಸ್ವತಂತ್ರ.

ಅಷ್ಟಾದರೂ ಬಿಟ್ಟುಕೊಟ್ಟರಲ್ಲ ಎಂದು ಕೊಲ್ಲಾಪುರಮ್ಮನಿಗೆ ಕಣ್ಣು ತುಂಬಿ ಬಂತು. ಕೂತಲ್ಲಿಂದಲೇ ಮೇಡಂಗೆ ಕೈಮುಗಿದಳು.