ಗ್ರಾಫಿಕ್ಸ್ ಕಾರ್ಡಿಗೆ ತಾಮ್ರದ ಕೊಡ

ಮನ್ಯಾಗ ಒಂದು ಕಂಪ್ಯೂಟರ್, ಕೈಯಾಗ ಒಂದು ಸ್ಕ್ರೂಡ್ರೈವರ್ ಇದ್ದಂವಗ ಫಜೀತಿ ತಪ್ಪಂಗಿಲ್ರಿ. ಇಪ್ಪತ್ತು ವರ್ಷದ ಹಿಂದ, ಗೋಕಾಕದಾಗ ಡಿಪ್ಲೊಮಾ ಓದೂ ಮುಂದ, ನನಗಂತೂ ಒಂದರ ಬೆನ್ನಿಗೆ ಒಂದು ಆದುವು.

ಸೆಕಿ

ಗೇಮ್ ಜೋರ ಓಡಲಿ ಅಂತ ಗ್ರಾಫಿಕ್ಸ್ ಕಾರ್ಡನ್ನ ಓವರ್‌ಕ್ಲಾಕ್ ಮಾಡಿದೆ. ಅಂದ್ರ, ಕಂಪನಿಯವರು ಇಷ್ಟ ಓಡು ಅಂದಿದ್ದನ್ನ ನಾ ಬಾರಕೋಲ ಹಿಡದು ಇನ್ನಷ್ಟು ಓಡಿಸಿದೆ. ಓಡಿತು ಖರೆ, ಆದ್ರ ಕಾಲ ತಾಸಿನ್ಯಾಗ ಕಾದು ಕೆಂಡ ಆಗಿ ಕಂಪ್ಯೂಟರ್ ಬಂದ್ ಬೀಳೂದು. ಮುಚ್ಚಳ ತಗದು ಟೇಬಲ್ ಫ್ಯಾನ್ ಹಚ್ಚಿದೆ. ನಮ್ಮ ಬಟ್ಟಿ ಅಂಗಡಿಯಿಂದ ಅಪ್ಪ ಬೆವರ ಒರಸಕೋತ ಬಂದ್ರು.

"ಮನಷ್ಯಾರಿಗೆ ಇಲ್ಲದ ಫ್ಯಾನು ಡಬ್ಬಿಗೆ ಯಾಕಲೇ?"

"ಅದಕ್ಕ ಸೆಕಿ ಆಗತೈತ್ರಿ ಅಪ್ಪಾ."

"ಹಿಂಗ ದಿನಾ ಬಂದ್ ಬೀಳಾಕತ್ರ ಹುಕ್ಕೇರಿಗೆ, ನಿಮ್ಮತ್ತಿ ಮನಿಗೆ ಕಳಸಿಬಿಡತೇನಿ. ಅಲ್ಲಿ ಗಾಳಿ ಛಲೋ ಐತಿ."

ಅತ್ತಿ ಮಗ ಆ ಕಂಪ್ಯೂಟರ್ ಮ್ಯಾಲೆ ಮೊದಲಿಂದ ಕಣ್ಣಿಟ್ಟಿದ್ದ. ನಾ ಲಗೂನ ಫ್ಯಾನ್ ಅಪ್ಪನ ಕಡೆ ತಿರುವಿದೆ.

ಹೆಸರು

ನೀರಿನಿಂದ ತಣ್ಣಗ ಮಾಡೂ ವಿಚಾರ ತಲಿಗೆ ಬಂತು. ಕಾರ್ಡಿನ ಚಿಪ್ ಮ್ಯಾಲೆ ಬಿಗಿಯಾಗಿ ಅಂಟಿ ಕೂಡಾಕ ಬೆಂಕಿಪೊಟ್ಣದಷ್ಟು ತಾಮ್ರದ ಡಬ್ಬಿ ಬೇಕು, ಅದರೊಳಗ ನೀರು ಹಾಯಬೇಕು. ಮೂಡಲಗಿಯೊಳಗ ತಾಮ್ರದ ಭಾಂಡೆ ಮಾಡೂ, ಅಪ್ಪನ ಗುರ್ತಿನ ಹಿರ್ಯಾರ ಕಡೆ ಹೋದೆ. "ಬುಡ ಕನ್ನಡಿ ಹಂಗ ಸಪಾಟ ಇರಬೇಕ್ರಿ, ಒಂದು ಗೀರೂ ಬ್ಯಾಡ" ಅಂತ ಮೂರು ಸಲ ಹೇಳಿದೆ.

ನಾಕ ದಿನ ಬಿಟ್ಟು ಹೋದ್ರ ಡಬ್ಬಿ ಅಗದಿ ಚಂದ ಆಗಿತ್ತು. ಬೋರಲ ಹಾಕಿ ನೋಡಿದೆ. ಕನ್ನಡಿಯಂಥಾ ಆ ಬುಡದ ನಡಬರಕ ಚುಕ್ಕಿ ಚುಕ್ಕಿ ಬಡದು ಅಪ್ಪನ ಹೆಸರು, ಊರು ಕೆತ್ತಿದ್ರು.

"ಇದೇನ್ರಿ ಕಾಕಾ?"

"ಹೆಸರಿಲ್ಲದ ಭಾಂಡೆ ಯಾರದರ ಲಗ್ನದಾಗ ಕಳದು ಹೋಗತಾವಪಾ."

"ಇದನ್ನ ಲಗ್ನಕ್ಕ ಯಾರ ಒಯ್ತಾರ್ರಿ? ಇದು ಕಂಪ್ಯೂಟರಿನ್ಯಾಗ ಇರತೈತಿ."

"ಹಂಗಾರ ಕಂಪ್ಯೂಟರ್ ಯಾರದಂತ ಗೊತ್ತಾಗಲಿ."

ಎರಡು ದಿನ ಪಾಲಿಶ್ ಪೇಪರ್ ಹಿಡದು ತಿಕ್ಕಿ ತಿಕ್ಕಿ ಅಪ್ಪನ ಹೆಸರು ಅಳಿಸಿದೆ, ಅದೂ ಅಪ್ಪ ಅಂಗಡಿಗೆ ಹೋದ ಹೊತ್ತು ನೋಡಿ.

ನೀರು

ಡಬ್ಬಿಗೆ ಎರಡು ಪೈಪು ಹಚ್ಚಿ, ಅಟ್ಟದ ಮ್ಯಾಲಿನ ಸಣ್ಣ ತಾಮ್ರದ ಕೊಡ ಬಾಜೂಕ ಇಟ್ಟು, ನೀರು ತುಂಬಿ, ಮೀನಿನ ತೊಟ್ಟಿಗೆ ಹಾಕೂ ಪಂಪು ಅದರಾಗ ಬಿಟ್ಟೆ. ಕಾರ್ಡಿನ ಕಾವೆಲ್ಲಾ ಕೊಡದ ನೀರಿಗೆ ಬಂತು. ಎರಡು ತಾಸು ಆಡಿದ್ರೂ ಬಂದ್ ಬೀಳಲಿಲ್ಲ. ಖುಷಿ ಅಂದ್ರ ಖುಷಿ.

ನಾವು ಜೈನರು. ಹೊತ್ತು ಮುಣಗೂದ್ರಾಗ ಊಟ ಮುಗಸಬೇಕು. ಗೇಮ್ ಹಂಗ ಬಿಟ್ಟು ಉಂಡು ಬಂದ್ರ ಕಂಪ್ಯೂಟರ್ ಬಂದ್. ಕೊಡದಾಗ ನೀರು ಪಂಪಿಗಿಂತ ಕೆಳಗ ಇಳದಿತ್ತು. ಎಲ್ಲೂ ಸೋರಿದ ಗುರ್ತಿಲ್ಲ. ನಾಕ ದಿನ ಹಿಂಗ ಆತು. ಅಪ್ಪ ಸಾಕಾಗಿ ಹಗ್ಗ ಹಿಡಕೊಂಡು ಬಂದ್ರು. "ಇವತ್ತೂ ಬಂದ್ ಬಿತ್ತಂದ್ರ ಕಟ್ಟಿ ಹುಕ್ಕೇರಿಗೆ ಕಳಸೂದ."

ಅರ್ಧ ರೊಟ್ಟಿಗೆ ಎದ್ದು ಬಂದು ಬಾಗಲದಾಗ ನಿಂತೆ, ಹಿಂದ ಅಪ್ಪ. ನೋಡತೇವಿ, ಆಯಿ, ಅಂದ್ರ ಅಪ್ಪನ ಅವ್ವ, ಕೊಡದ ನೀರನ್ನ ಬಿಳಿ ಬಟ್ಟಿಯೊಳಗ ಸೋಸಿ, ಲೋಟಕ್ಕ ಬಗ್ಗಿಸಿ, ಆರಾಮಾಗಿ ಕುಡ್ಯಾಕತ್ತಿದ್ದಳು.

"ಆಯಿ, ಏನ ಮಾಡಾಕತ್ತೀ?"

"ಹೊತ್ತು ಮುಣಗಿದ ಮ್ಯಾಲೆ ನಾ ನೀರ ಮುಟ್ಟಂಗಿಲ್ಲಲ್ಲೋ. ಅದಕ್ಕ ಈಗ ಎರಡು ಲೋಟ ಕುಡದು ಬಿಡತೇನಿ. ತಾಮ್ರದ ನೀರು, ಹದವಾಗಿ ಬೆಚ್ಚಗ ಇರತೈತಿ. ನಾಕ ದಿನದಾಗ ಮೊಣಕಾಲು ಹಗರ ಆಗ್ಯಾವು." ಅಪ್ಪನ ಕಡೆ ಹೊಳ್ಳಿದಳು. "ಆಯಿ ಸಲವಾಗಿ ಎಂಥಾ ಮಶಿನ್ ಮಾಡ್ಯಾನ ನೋಡು ನಿನ್ನ ಮಗ. ನೀ ಹುಟ್ಟಿ ಇಷ್ಟ ವರ್ಷಾತು, ಏನ ಮಾಡಿದಿ?"

ಅಪ್ಪ ಜಗತ್ತಿನ್ಯಾಗ ಅಂಜೂದು ಒಬ್ಬಾಕಿಗೆ. ಹಗ್ಗ ಮೆಲ್ಲಕ ಬೆನ್ನ ಹಿಂದ ಹೋತು.

ಮರುದಿನ ಸಂಜಿಮುಂದ, ಪರೀಕ್ಷಾ ಬಂತಂತ ಪುಸ್ತಕ ಹಿಡದು ಕುಂತಿದ್ದೆ. ಅಪ್ಪ ಅಂಗಡಿಯಿಂದ ಲಗುಲಗು ಬಂದ್ರು, ಕೊಡದಾಗ ಬೆರಳ ಅದ್ದಿ ನೋಡಿದ್ರು, ಸಿಟ್ಟಿಗೆದ್ರು.

"ಏನ ಓದಕೋತ ಕುಂತೀಲೇ? ಪುಸ್ತಕ ಮುಚ್ಚಿ ಗೇಮ್ ಹಚ್ಚು. ಹೊತ್ತ ಮುಣಗಾಕ ಬಂತು, ಆಯಿ ನೀರು ಇನ್ನೂ ಕಾದಿಲ್ಲ."